ಜಪಮಾಲೆ ಧರಿಸಿದ ಭಿಕ್ಷುಕ
(ಜನವರಿ 16, ಸಂತ ಜೋಸೆಫ್ ವಾಜ್‌ರವರ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ನೊವೇನದ ಮೂರನೆಯ ದಿನ ಸಂಜೆ ಧರ್ಮೋಪದೇಶದ ತರಗತಿಯ ಒಬ್ಬ ಹುಡುಗ ಸಕ್ರಿಸ್ತಿಯ ಬಾಗಿಲಲ್ಲಿ ನಿಂತು ನಮ್ಮನ್ನು ಒಂದು ಪ್ರಶ್ನೆ ಕೇಳಿದ. "ಫಾದರ್, ಜೋಸೆಫ್ ವಾಜ್‌ರವರಿಗೆ ಕಾಯಿಲೆ ಆಯ್ತು, ಜೈಲಾಯ್ತು, ಕಾಲಿಗೆ ಚಪ್ಪಲಿ ಕೂಡ ಇರಲಿಲ್ಲ. ಮತ್ತೆ ಅವರು ಆನಂದವಾಗಿದ್ದರು ಅಂತ ನೀವು ಯಾಕೆ ಹೇಳ್ತೀರಿ?" ಗಾಯನ ವೃಂದದವರು ಅಭ್ಯಾಸಕ್ಕೆ ಕಾಯುತ್ತಿದ್ದರು. "ನಾಳೆ ಹೇಳೋಣ" ಎಂದು ಅವನನ್ನು ಕಳುಹಿಸಿದೆವು. ಮರುದಿನ ಹೇಳಲಿಲ್ಲ, ಅದರ ಮರುದಿನವೂ ಹೇಳಲಿಲ್ಲ. ಕೆಲಸ ಹೆಚ್ಚಿತ್ತು ಎಂಬುದು ನೆಪ. ಉತ್ತರ ನಮ್ಮಲ್ಲಿ ಸಿದ್ಧವಿರಲಿಲ್ಲ ಎಂಬುದು ನಿಜ. ಗುರುಮಠದಲ್ಲಿ ನಾವು ದೈವಶಾಸ್ತ್ರದ ಪುಸ್ತಕಗಳನ್ನು ಓದಿ ಪರೀಕ್ಷೆ ಬರೆದು ಬಂದವರು; ಆದರೂ ಹನ್ನೊಂದು ವರ್ಷದ ಹುಡುಗನ ಪ್ರಶ್ನೆ ನಮ್ಮನ್ನು ನಿಲ್ಲಿಸಿಬಿಟ್ಟಿತು. ಇಂದಿನ ಈ ಮಾತುಗಳು ಅವನಿಗೆ ಸಲ್ಲಬೇಕಾದ ಬಾಕಿ. ದೊಡ್ಡವರೂ ಜೊತೆಗೆ ಕೇಳಿಸಿಕೊಳ್ಳಬಹುದು.

ಸಂತ ಜೋಸೆಫ್ ವಾಜ್‌ರವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆನೌಲಿಂ ಎಂಬಲ್ಲಿ, ತಾಯಿಯ ತವರಿನಲ್ಲಿ. ತಂದೆಯ ಊರು ಸಾಂಕ್ವಾಲ್. ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷವೇ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದುಕೊಟ್ಟ ಪತ್ರವೊಂದು ಇದೆ. ಬರಿಗಾಲಿನಲ್ಲಿ ನಡೆಯುವ ಅಭ್ಯಾಸ ಅವರು ಗೋವೆಯಲ್ಲೇ ಹಾಕಿಕೊಂಡದ್ದು. ನಮ್ಮ ಪೀಠದ ಪಕ್ಕದಲ್ಲಿರುವ ಚಿತ್ರದಲ್ಲಿ ಅವರ ಪಾದಗಳನ್ನು ನೋಡಿ. ಬಣ್ಣ ಹಾಕಿದವರು ಪಾದಗಳನ್ನು ಬಹಳ ಸ್ವಚ್ಛವಾಗಿ ಬರೆದಿದ್ದಾರೆ! ನಿಜವಾದ ಪಾದಗಳು ಹಾಗಿರಲಿಕ್ಕಿಲ್ಲ.

ಅವರ ಮನಸ್ಸೆಲ್ಲ ಸಿಲೋನಿನ ಕಡೆಗಿತ್ತು. ಅಲ್ಲಿ ಡಚ್ಚರು ಪೋರ್ಚುಗೀಸರನ್ನು ಓಡಿಸಿ, 1658ರಲ್ಲಿ ಜಾಫ್ನಾವನ್ನೂ ವಶಪಡಿಸಿಕೊಂಡು, ಕಥೋಲಿಕ ಗುರುಗಳು ದ್ವೀಪದಲ್ಲಿ ಕಾಲಿಡದಂತೆ ಮಾಡಿದ್ದರು. ಗುರುಗಳಿಗೆ ಆಶ್ರಯ ಕೊಟ್ಟವರಿಗೂ ಕಠಿಣ ಶಿಕ್ಷೆ. ಆ ಜನರು ಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ವರ್ಷಗಟ್ಟಲೆ ಇದ್ದಾರೆ ಎಂಬ ಸುದ್ದಿ ಗೋವೆಗೆ ತಲುಪುತ್ತಿತ್ತು. ವಾಜ್‌ರವರು ಅಲ್ಲಿಗೆ ಹೋಗಲು ಅನುಮತಿ ಕೇಳಿದರು. ಆದರೆ 1681ರಲ್ಲಿ ಅವರ ಮೇಲಧಿಕಾರಿಗಳು ಅವರನ್ನು ಕಳುಹಿಸಿದ್ದು ಬೇರೆ ಕಡೆಗೆ, ನಮ್ಮ ಕೆನರಾ ಸೀಮೆಗೆ.

ಆಗ ಆ ಸೀಮೆಯನ್ನು ಆಳುತ್ತಿದ್ದವರು ನಮ್ಮ ಮಲೆನಾಡಿನ ಕೆಳದಿಯ ರಾಣಿ ಚೆನ್ನಮ್ಮಾಜಿ. ಇಲ್ಲಿ ಕುಳಿತಿರುವ ಅನೇಕರ ಅಜ್ಜ ಮುತ್ತಜ್ಜಂದಿರು ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿ ಎಂದರೆ ನಿಮಗೆ ಈಗಲೂ ನೆಂಟರ ಊರುಗಳು. ಆ ಊರುಗಳಲ್ಲಿ 1684ರವರೆಗೆ ಈ ತರುಣ ಗುರು ನಡೆದಾಡಿದರು. ಚದುರಿಹೋದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಿದರು, ಮಕ್ಕಳಿಗೆ ಶಾಲೆ ತೆರೆದರು, ಭಕ್ತರ ಸೋದರಸಂಘಗಳನ್ನು ಕಟ್ಟಿದರು. ಮಂಗಳೂರಿನ ಬಳಿ ಮುಡಿಪು ಎಂಬಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಗುರುಗಳು ಮೊಣಕಾಲೂರಿ ಪ್ರಾರ್ಥಿಸಿದ ಗುಡ್ಡದ ಮೇಲೆ ನೀರು ಚಿಮ್ಮಿತೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಐತಿಹ್ಯವನ್ನು ಐತಿಹ್ಯವಾಗಿಯೇ ಸ್ವೀಕರಿಸೋಣ. ಆ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದವರು ನಮ್ಮ ಧರ್ಮಕೇಂದ್ರದಲ್ಲೂ ಇದ್ದಾರೆ.

ಆದರೆ ಕೆನರಾದಲ್ಲಿ ಅವರಿಗೆ ಎದುರಾದ ದೊಡ್ಡ ಕಷ್ಟ ಯಾವುದು ಬಲ್ಲಿರಾ? ರಾಣಿಯ ಸೈನಿಕರಲ್ಲ, ಅನ್ಯಧರ್ಮದವರೂ ಅಲ್ಲ. ನಮ್ಮವರೇ! ಆ ದಿನಗಳಲ್ಲಿ ಇಲ್ಲಿನ ಕಥೋಲಿಕರ ಮೇಲೆ ಯಾರಿಗೆ ಅಧಿಕಾರ ಎಂಬ ಜಗಳ ನಡೆದಿತ್ತು. ಗೋವೆಯ ಮಹಾಧರ್ಮಾಧ್ಯಕ್ಷರಿಗೆ ಪೋರ್ಚುಗಲ್ ರಾಜನ ಬೆಂಬಲ ಇತ್ತು. ಇನ್ನೊಂದು ಕಡೆ ರೋಮಿನಿಂದಲೇ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿದ್ದರು. ಇವರ ಗುರುಗಳು ಕೊಟ್ಟ ಸಂಸ್ಕಾರ ಅವರಿಗೆ ಸಲ್ಲದು, ಅವರ ಗುರುಗಳದ್ದು ಇವರಿಗೆ ಸಲ್ಲದು. ಒಂದೇ ಊರಿನಲ್ಲಿ, ಒಂದೇ ಮನೆತನದಲ್ಲಿ ಎರಡು ಪಕ್ಷ. ವಾಜ್‌ರವರನ್ನು ಗೋವೆಯ ಕಡೆಯವರಾಗಿ ಕಳುಹಿಸಿದ್ದರು. ಅವರು ಬಯಸಿದ್ದರೆ ಆ ಬೆಂಕಿಗೆ ಚೆನ್ನಾಗಿ ತುಪ್ಪ ಸುರಿಯಬಹುದಿತ್ತು. ಹಾಗೆ ಮಾಡಲಿಲ್ಲ. ತಮ್ಮ ಮೇಲಧಿಕಾರಿಗಳಿಗೆ ವಿಧೇಯರಾಗಿದ್ದುಕೊಂಡೇ ಎದುರು ಪಕ್ಷದ ಧರ್ಮಾಧ್ಯಕ್ಷರಿಗೂ ಗೌರವ ತೋರಿಸಿದರು, ವಿಶ್ವಾಸಿಗಳ ಆತ್ಮಶಾಂತಿ ಕೆಡದಂತೆ ದಾರಿ ಹುಡುಕಿದರು. ಇದರಿಂದ ಎರಡೂ ಕಡೆಯಿಂದ ಹೊಗಳಿಕೆ ಬಂತೇ? ಇಂಥ ಕೆಲಸಕ್ಕೆ ಹೊಗಳಿಕೆ ಬರುವುದಿಲ್ಲ ಎಂಬುದನ್ನು ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಒಂದು ಅವಧಿ ಕುಳಿತವರು ಯಾರೂ ಬಲ್ಲರು. ಸ್ಮಶಾನದ ಜಾಗಕ್ಕೆ, ಹಬ್ಬದ ಲೆಕ್ಕಪತ್ರಕ್ಕೆ, ಪೂಜೆ ಯಾವ ಭಾಷೆಯಲ್ಲಿ ಎಂಬುದಕ್ಕೆ ನಾವು ಎಷ್ಟು ಬೇಗ ಎರಡು ಪಕ್ಷವಾಗುತ್ತೇವೆ! ಹೊರಗಿನವರ ಕಲ್ಲಿಗಿಂತ ಒಳಗಿನವರ ಮಾತು ಆಳವಾಗಿ ಗಾಯ ಮಾಡುತ್ತದೆ, ಮತ್ತು ಮನುಷ್ಯನ ಸಂತೋಷವನ್ನು ಬೇಗ ಒಣಗಿಸುತ್ತದೆ. ಈ ಮೂರು ವರ್ಷ ಅವರ ಜೀವನದಲ್ಲಿ ಬರೀ ತಯಾರಿಯ ಕಾಲ ಎಂದು ಕೆಲವರು ಬರೆಯುತ್ತಾರೆ. ನಮಗೆ ಹಾಗೆ ಅನಿಸುವುದಿಲ್ಲ. ಸಿಲೋನಿನ ಕಾಡಿಗಿಂತ ಇದೇ ಕಠಿಣವಾಗಿತ್ತೇನೋ.

ಗೋವೆಗೆ ಹಿಂದಿರುಗಿ 1685ರಲ್ಲಿ ಅವರು ಹಳೇ ಗೋವೆಯ ಗುಡ್ಡದ ಮೇಲೆ ಒಟ್ಟಾಗಿ ಬಾಳುತ್ತಿದ್ದ ಕೆಲವು ದೇಶೀಯ ಗುರುಗಳನ್ನು ಸೇರಿಕೊಂಡರು. ಆ ಸಂಘವು ರೋಮಿನ ಸಂತ ಫಿಲಿಪ್ ನೇರಿಯವರ ಒರಟೋರಿಯ ಕ್ರಮವನ್ನು ಅನುಸರಿಸಿತು. ಫಿಲಿಪ್ ನೇರಿ ಯಾರು? ನಗುವ ಸಂತ, ತಮ್ಮನ್ನು ತಾವೇ ತಮಾಷೆ ಮಾಡಿಕೊಂಡು ಜನರನ್ನು ದೇವರ ಬಳಿಗೆ ಸೆಳೆದವರು. ಬರಿಗಾಲಿನ, ಉಪವಾಸದ, ಮಿತಮಾತಿನ ನಮ್ಮ ಜೋಸೆಫ್ ವಾಜ್‌ರಿಗೆ ಸಿಕ್ಕಿದ್ದು ಅಂಥವರ ಮನೆ. ದೇವರಿಗೂ ಹಾಸ್ಯಪ್ರಜ್ಞೆ ಇದೆ.

1686ರಲ್ಲಿ ಕೊನೆಗೂ ಅವರು ಹೊರಟರು. ಜೊತೆಗೆ ಜಾನ್ ಎಂಬ ಯುವಕ. ಕುಣಬಿ ಜಾತಿಯವನು, ವಾಜ್ ಮನೆತನದ ಕೆಲಸದಾಳು. ನಡೆದು, ದೋಣಿ ಹತ್ತಿ, ಮತ್ತೆ ನಡೆದು ಇಬ್ಬರೂ ತೂತುಕುಡಿ ತಲುಪಿದರು. ಗುರುವೆಂದು ತಿಳಿದರೆ ಡಚ್ಚರು ಬಿಡುವುದಿಲ್ಲ. ಆದ್ದರಿಂದ ವಾಜ್‌ರವರು ತಮ್ಮ ನಿಲುವಂಗಿಯನ್ನು ಕಳಚಿ ಕೂಲಿಯವನ ಬಟ್ಟೆ ಉಟ್ಟುಕೊಂಡರು. ಮಕ್ಕಳೇ, ಇದು ನಾಟಕದ ವೇಷದಂತೆ ಸುಲಭವಲ್ಲ. ಅವರು ಗೋವೆಯ ಬ್ರಾಹ್ಮಣ ಮೂಲದ ಮನೆಯಲ್ಲಿ ಹುಟ್ಟಿದವರು. ಜಾತಿಯ ಹೆಮ್ಮೆ ಶಿಲುಬೆಯ ಗುರುತು ಹಾಕಿಕೊಂಡ ಮಾತ್ರಕ್ಕೆ ಬಿಟ್ಟು ಹೋಗುವುದಿಲ್ಲ ಎಂಬುದನ್ನು, ನಮ್ಮ ಮದುವೆ ಮಾತುಕತೆಗಳನ್ನು ಕಂಡವರು ಒಪ್ಪುತ್ತಾರೆ. ಅಂಥ ಮನೆಯ ಮಗ ತನ್ನ ಆಳಿನ ಪಕ್ಕದಲ್ಲಿ ಆಳಿನಂತೆ ಕುಳಿತು ಕಡಲು ದಾಟಿದ. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದದ್ದನ್ನು ಪವಿತ್ರ ಗುರುವಾರದಂದು ನಾವು ಪೀಠದ ಮುಂದೆ ಮಾಡಿ ತೋರಿಸುತ್ತೇವೆ. ಅವರು ಅದನ್ನು ದೋಣಿಯಲ್ಲಿ ಮಾಡಿದರು, ನೋಡುವವರು ಯಾರೂ ಇರಲಿಲ್ಲ.

1687ರಲ್ಲಿ ಜಾಫ್ನಾ ತಲುಪುವಷ್ಟರಲ್ಲಿ ಆಮಶಂಕೆ ಅವರನ್ನು ನೆಲಕ್ಕೆ ಕೆಡವಿತ್ತು. ಜಾನ್ ಕೂಡ ಕಾಯಿಲೆ ಬಿದ್ದ. ಗೊತ್ತಿದ್ದವರು ಯಾರೂ ಇಲ್ಲ, ಕೈಯಲ್ಲಿ ಹಣವಿಲ್ಲ, ತಾನು ಯಾರೆಂದು ಹೇಳುವಂತಿಲ್ಲ. ದಯೆಯುಳ್ಳ ಒಬ್ಬ ಹೆಂಗಸು ಅವರಿಗೆ ಗಂಜಿ ತಂದು ಕೊಟ್ಟಳೆಂದು ಅವರ ಜೀವನ ಚರಿತ್ರೆಯಲ್ಲಿ ಹೇಳುತ್ತಾರೆ. ಅವಳ ಹೆಸರು ಉಳಿದಿಲ್ಲ. ಶುಭಸಂದೇಶ ಸಾರಲು ಹೋದವರಿಗೆ ಮೊದಲು ಶುಭಸಂದೇಶ ಸಿಕ್ಕಿದ್ದು ಆ ಗಂಜಿಯ ರೂಪದಲ್ಲಿ. ಈ ಗಂಜಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಣವಾದ ಮೇಲೆ ಅವರು ಏನು ಮಾಡಿದರು? ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಹೋಗಿ ಭಿಕ್ಷೆ ಬೇಡಿದರು. ಬಾಯಲ್ಲಿ ಬೋಧನೆಯಿಲ್ಲ. ಅಕ್ಕಿ ಹಾಕಲು ಬಂದವರ ಕಣ್ಣು ಆ ಜಪಮಾಲೆಯ ಮೇಲೆ ಹೇಗೆ ನಿಲ್ಲುತ್ತದೆ ಎಂದು ನೋಡುತ್ತಿದ್ದರು. ಕೆಲವರು ಬೈದು ಅಟ್ಟಿರಬೇಕು. ಕೆಲವರು ಮುಖ ತಿರುಗಿಸಿ ಬೇಗ ಬಾಗಿಲು ಹಾಕಿರಬೇಕು, ಭಯದ ಕಾಲವಲ್ಲವೇ? ಹೀಗೆ ಎಷ್ಟೋ ಬಾಗಿಲು. ಒಂದು ದಿನ ಒಂದು ಬಾಗಿಲಲ್ಲಿ ಒಂದು ಜೊತೆ ಕಣ್ಣು ಆ ಮಣಿಗಳ ಮೇಲೆ ನಿಂತವು, ಅಲ್ಲಿಂದ ಕದಲಲಿಲ್ಲ. ಆ ಮನೆಯವರು ಗುಟ್ಟಾಗಿ ಕಥೋಲಿಕ ವಿಶ್ವಾಸವನ್ನು ಉಳಿಸಿಕೊಂಡಿದ್ದವರು. ಭಿಕ್ಷುಕ ತಾನು ಯಾಜಕನೆಂದು ಹೇಳಿದ.

ಪ್ರಿಯರೇ, ಆ ಕ್ಷಣವನ್ನು ಸ್ವಲ್ಪ ಯೋಚಿಸಿ. ಸುಮಾರು ಮೂವತ್ತು ವರ್ಷ! ಆ ಮನೆಯ ಅಜ್ಜಿಗೆ ಕೊನೆಯ ಪಾಪನಿವೇದನೆ ಯಾವಾಗ ಮಾಡಿದ್ದೆಂದು ಮರೆತಿರಬಹುದು. ಆ ಮನೆಯ ಯುವಕರು ಪರಮಪ್ರಸಾದವನ್ನು ಒಮ್ಮೆಯೂ ಕಂಡಿರಲಿಕ್ಕಿಲ್ಲ, ಹೆಸರು ಮಾತ್ರ ಕೇಳಿರಬೇಕು. ಅವರೆಲ್ಲರ ಅಳು, ನಗು, ಪಿಸುಮಾತು. ರಾತ್ರಿ ಬಾಗಿಲು ಭದ್ರಪಡಿಸಿ, ದೀಪ ಸಣ್ಣದು ಮಾಡಿ ಪೂಜೆ ಅರ್ಪಿಸಿದಾಗ ಆ ಗುರುವಿನ ಹೃದಯದಲ್ಲಿ ಇದ್ದದ್ದು ಏನು? ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಎಲ್ಲೋ ಇದೆ. ನಮಗೆ ವಾರಕ್ಕೆ ಏಳು ಪೂಜೆ ಸಿಗುತ್ತದೆ, ಅರ್ಪಿಸುವ ನಮಗೂ ಕೆಲವು ಮುಂಜಾನೆ ಆಕಳಿಕೆ ಬರುತ್ತದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮುಂದೆ ಅವರು ಸಿಲ್ಲಾಲೈ ಎಂಬ ಹಳ್ಳಿಯಲ್ಲಿ ನೆಲೆಸಿ ರಾತ್ರಿಯ ಹೊತ್ತು ಸುತ್ತಲಿನ ಊರುಗಳಲ್ಲಿ ಸೇವೆ ಮಾಡಿದರು. 1689ರ ಕ್ರಿಸ್ಮಸ್ ರಾತ್ರಿ ಡಚ್ ಸೈನಿಕರು ಭಕ್ತರ ಮೇಲೆ ದಾಳಿ ಮಾಡಿ ಹಲವರನ್ನು ಹಿಡಿದುಕೊಂಡು ಹೋದರು. ಗುರುಗಳು ಸಿಕ್ಕಲಿಲ್ಲ, ಅವರಿಗಾಗಿ ಜನರು ಪೆಟ್ಟು ತಿಂದರು. ಇದು ಗುರುವಿಗೆ ಬರಬಹುದಾದ ದೊಡ್ಡ ನೋವು. ಅಲ್ಲಿಂದ ಪುತ್ತಳಂ, ಅಲ್ಲಿಂದ 1692ರಲ್ಲಿ ಬೌದ್ಧ ರಾಜನ ರಾಜಧಾನಿ ಕ್ಯಾಂಡಿ. ಒಳಗೆ ಕಾಲಿಡುತ್ತಲೇ ಪೋರ್ಚುಗೀಸರ ಗೂಢಚಾರನೆಂಬ ಆಪಾದನೆ, ಸೆರೆ. ಆ ಸೆರೆಯಲ್ಲಿ ಅವರು ಕುಳಿತು ಸಿಂಹಳ ಭಾಷೆ ಕಲಿತರು. ಕಾವಲು ಸಡಿಲವಾದಾಗ ಒಂದು ಗುಡಿಸಲು ಕಟ್ಟಿ ಪೀಠ ಇಟ್ಟರು. ನಾವಾಗಿದ್ದರೆ ಧರ್ಮಾಧ್ಯಕ್ಷರಿಗೆ ವರ್ಗಾವಣೆ ಕೋರಿ ಪತ್ರ ಬರೆಯುತ್ತಿದ್ದೆವು.

ಈಗ ತಾನೇ ನಾವು ಆಲಿಸಿದ ಲೂಕನ ಶುಭಸಂದೇಶದಲ್ಲಿ ಎಪ್ಪತ್ತೆರಡು ಮಂದಿ ಶಿಷ್ಯರು ಸಂಭ್ರಮದಿಂದ ಹಿಂದಿರುಗುತ್ತಾರೆ. ದೆವ್ವಗಳು ಕೂಡ ತಮ್ಮ ಮಾತು ಕೇಳಿದವೆಂಬ ಖುಷಿ ಅವರಿಗೆ. ಯೇಸು ಆ ಖುಷಿಯನ್ನು ಗದರುವುದಿಲ್ಲ, ಆದರೆ ಅದನ್ನು ಬೇರೆ ಕಡೆಗೆ ತಿರುಗಿಸುತ್ತಾರೆ. ನಿಮ್ಮ ಕೈಯಿಂದ ಆದದ್ದಕ್ಕೆ ಹಿಗ್ಗಬೇಡಿ, ದೇವರ ಬಳಿ ನಿಮ್ಮ ಹೆಸರು ಬರೆದಿದೆಯಲ್ಲ, ಅದಕ್ಕೆ ಹಿಗ್ಗಿ ಎನ್ನುವ ಅರ್ಥದಲ್ಲಿ ಮಾತನಾಡುತ್ತಾರೆ. ಗುರುಮಠದಲ್ಲಿ ಈ ವಾಕ್ಯವನ್ನು ನಾವು ವಿನಯದ ಪಾಠವೆಂದು ಓದಿದ್ದೆವು. ಈಗ ಅದು ಬೇರೆಯಾಗಿ ಕೇಳಿಸುತ್ತದೆ. ಫಲ ಕಂಡಾಗ ಬರುವ ಸಂತೋಷ ಫಲ ನಿಂತ ದಿನ ಹೋಗುತ್ತದೆ. ಹೆಸರು ಬರೆಯಲ್ಪಟ್ಟಿದೆ ಎಂಬ ಸಂತೋಷ ಸೆರೆಮನೆಯಲ್ಲೂ ಇರಬಲ್ಲದು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಪೇತ್ರ ಮತ್ತು ಸಂಗಡಿಗರು ಛಡಿಯೇಟು ತಿಂದು ನ್ಯಾಯಸಭೆಯಿಂದ ಹೊರಬರುವಾಗ ಸಂತೋಷಪಟ್ಟರೆಂದು ಓದುತ್ತೇವೆ. ಫಿಲಿಪ್ಪಿ ಪಟ್ಟಣದಲ್ಲಿ ಪೌಲ ಮತ್ತು ಸೀಲರು ಕಾಲಿಗೆ ಕೊಳ ಹಾಕಿಸಿಕೊಂಡು ನಡುರಾತ್ರಿ ಹಾಡುತ್ತಾರೆ, ಉಳಿದ ಕೈದಿಗಳು ಕಿವಿಗೊಡುತ್ತಾರೆ. ಮುಂದೆ ಅದೇ ಫಿಲಿಪ್ಪಿಯವರಿಗೆ ಇನ್ನೊಂದು ಸೆರೆಯಿಂದ ಪತ್ರ ಬರೆಯುವಾಗ ಪೌಲರಿಗೆ ಸಂತೋಷ ಎಂಬ ಮಾತು ಬಿಟ್ಟರೆ ಬೇರೆ ಮಾತೇ ತೋಚುವುದಿಲ್ಲವೇನೋ ಎನಿಸುತ್ತದೆ. ಇವರು ನೋವು ಗೊತ್ತಾಗದ ಜನರಲ್ಲ. ಬೆನ್ನು ಉರಿಯುತ್ತಲೇ ಇತ್ತು.

ನಮ್ಮ ಮಗ, ನೀನು ಕೇಳಿದ್ದು ಇದನ್ನೇ. ಪುಸ್ತಕದ ಉತ್ತರ ಇಷ್ಟು. ಇನ್ನು ನಮಗೆ ತಿಳಿದ ಉತ್ತರ ಒಂದಿದೆ. ಹೇಳಲು ಸ್ವಲ್ಪ ಸಂಕೋಚ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬಿನ ಮಾರಿ ಬಂತು. ರಾಜ, ಅಧಿಕಾರಿಗಳು, ಅನುಕೂಲವಿದ್ದವರು ಊರು ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿನಲ್ಲಿ ಬಿಟ್ಟು ಬಂದರು. ಅಷ್ಟರಲ್ಲಿ ಗೋವೆಯಿಂದ ಬಂದು ಸೇರಿದ್ದ ಸೋದರಳಿಯ, ಗುರು ಜೋಸೆಫ್ ಕಾರ್ವಾಲೊ ಅವರ ಜೊತೆ ವಾಜ್‌ರವರು ಆ ರೋಗಿಗಳಿಗೆ ಚಪ್ಪರ ಹಾಕಿದರು, ಉಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ಕ್ರೈಸ್ತರು, ಬೌದ್ಧರು ಎಂದು ಎಣಿಸಲಿಲ್ಲ. ಮೊದಲು ಗೂಢಚಾರನೆಂದು ಬಂಧಿಸಿದ್ದ ರಾಜ ಎರಡನೆಯ ವಿಮಲಧರ್ಮಸೂರ್ಯ ಈ ಸೇವೆಯನ್ನು ಕೃತಜ್ಞತೆಯಿಂದ ನೆನೆದ.

ಇದನ್ನು ಓದುವಾಗಲೆಲ್ಲ ನಮಗೆ 2021ರ ಮೇ ತಿಂಗಳು ನೆನಪಾಗುತ್ತದೆ. ಕೊರೋನಾದ ಎರಡನೆಯ ಅಲೆ. ಆಗ ನಾವಿದ್ದದ್ದು ಬೇರೊಂದು ಧರ್ಮಕೇಂದ್ರದಲ್ಲಿ. ಒಂದು ರಾತ್ರಿ ಹತ್ತು ಗಂಟೆಗೆ ಫೋನು ಬಂತು. ತೋಟದ ಕೊನೆಯ ಲೈನ್ ಮನೆಯಲ್ಲಿ ಒಬ್ಬ ಕಾರ್ಮಿಕ ಉಸಿರಾಡಲು ಕಷ್ಟಪಡುತ್ತಿದ್ದಾನೆ, ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿಲ್ಲ, ಗುರುಗಳು ಬಂದು ಅಭ್ಯಂಗ ಕೊಡಬೇಕು ಎಂದು. ನಾವು ನಿಯಮಗಳ ಬಗ್ಗೆ ಹೇಳಿದೆವು. ರಾತ್ರಿಯ ನಿರ್ಬಂಧ, ರಕ್ಷಣಾ ಉಡುಪು ಇಲ್ಲ, ಬೆಳಿಗ್ಗೆ ವ್ಯವಸ್ಥೆ ಮಾಡಿಕೊಂಡು ಬರುತ್ತೇವೆ ಎಂದೆವು. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ನಾವು ಹೋಗದಿದ್ದದ್ದು ಆ ಕಾರಣಗಳಿಗಾಗಿ ಅಲ್ಲ. ಭಯಕ್ಕಾಗಿ. ಬೆಳಿಗ್ಗೆ ನಾವು ಎಣ್ಣೆಯ ಡಬ್ಬಿ ಹಿಡಿದು ಹೊರಡುವಾಗ ಆತ ತೀರಿಕೊಂಡಿದ್ದ.

ಸಮಾಧಿಯ ಬಳಿ ದೂರ ನಿಂತಿದ್ದ ಆತನ ಹೆಂಡತಿಗೆ ಏನು ಹೇಳುವುದೆಂದು ತಿಳಿಯದೆ ಕ್ಷಮೆ ಕೇಳಿದೆವು. ಆಕೆ ಹೇಳಿದ್ದು: "ಪಕ್ಕದ ಮನೆ ಅಕ್ಕ ಇಡೀ ರಾತ್ರಿ ಕಿಟಕಿ ಹತ್ತಿರ ನಿಂತು ಜಪಸರ ಹೇಳಿದ್ರು ಫಾದರ್. ಇವರಿಗೆ ಕೇಳಿಸ್ತಿತ್ತು. ಬೆರಳು ಆಡಿಸ್ತಿದ್ರು." ಆ ಅಕ್ಕನನ್ನು ನಮಗೆ ಗೊತ್ತಿತ್ತು. ಕಾಫಿ ತೋಟದಲ್ಲಿ ದಿನಗೂಲಿ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಓದು ಬರಹ ಅಷ್ಟಕ್ಕಷ್ಟೆ. ದೇವಾಲಯದಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಪೂಜೆ ಮುಗಿಯುತ್ತಲೇ ಹೊರಟುಹೋಗುವವರು. ಬೈಬಲ್ ಅಧ್ಯಯನದ ಕೂಟಕ್ಕೆ ಕರೆದಾಗ ನಮಗೆ ಅದೆಲ್ಲ ತಿಳಿಯೋದಿಲ್ಲ ಎಂದಿದ್ದರು. ಆ ರಾತ್ರಿ ಜಪಸರ ಹೇಳಿದ್ದಲ್ಲದೆ ಮರುದಿನದಿಂದ ಆ ಮನೆಯ ಮೆಟ್ಟಿಲ ಮೇಲೆ ಹೊತ್ತು ಹೊತ್ತಿಗೆ ಗಂಜಿಯ ಪಾತ್ರೆ ಇಟ್ಟು ಬರುತ್ತಿದ್ದವರೂ ಅವರೇ. ಅದರಿಂದಾಗಿ ಅವರನ್ನೂ ಹದಿನಾಲ್ಕು ದಿನ ಕೆಲಸಕ್ಕೆ ಬರಬೇಡವೆಂದರು. ಕೂಲಿ ಹೋಯಿತು.

ಕೆಲವು ವಾರಗಳ ನಂತರ ಅವರನ್ನು ಕಂಡಾಗ ನಾವು ಕೇಳಿದೆವು, ಹೆದರಿಕೆ ಆಗಲಿಲ್ಲವೇ ಎಂದು. "ಆಗದೆ ಏನು ಫಾದರ್, ಕಾಲು ನಡುಗ್ತಿತ್ತು" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಖುಷಿ ಎಂದು ಹೇಳಬಾರದು, ಅಲ್ಲಿ ಸಾವಾಗಿತ್ತು, ಆದರೂ ವಾಪಸು ನಡೆದು ಬರುವಾಗ ಒಳಗೆ ಏನೋ ತುಂಬಿದ ಹಾಗಿತ್ತು ಎಂದರು. ಅದಕ್ಕೆ ಯಾವ ಪದ ಬಳಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ನಾವು ಆ ಪದವನ್ನು ಎಷ್ಟು ಪ್ರಬೋಧನೆಗಳಲ್ಲಿ ಬಳಸಿದ್ದೇವೆ! ಆದರೆ ಆ ತಿಂಗಳಲ್ಲಿ ಅದು ನಮ್ಮ ಬಳಿ ಇರಲಿಲ್ಲ, ಆಕೆಯ ಬಳಿ ಇತ್ತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಸುರಕ್ಷಿತವಾಗಿದ್ದ ನಾವು ಆ ದಿನಗಳಲ್ಲಿ ಎಷ್ಟು ಕಂಗಾಲಾಗಿದ್ದೆವು ಎಂಬುದನ್ನು ನಮ್ಮ ಪಾಪನಿವೇದನೆ ಕೇಳಿದ ಗುರುಗಳು ಬಲ್ಲರು.

ಶುಭಸಂದೇಶವನ್ನು ಹಂಚುವುದು ಎಂದರೆ ಈಗ ನಮ್ಮಲ್ಲಿ ಹಲವರಿಗೆ ಅಂಜಿಕೆ. 2008ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ಭಾನುವಾರ, ಮಂಗಳೂರಿನ ಆರಾಧನಾ ಮಠದಲ್ಲಿ ಆದದ್ದನ್ನು ಮರೆತವರಿಲ್ಲ. 2022ರಲ್ಲಿ ಮತಾಂತರದ ಕಾನೂನು ಬಂದಾಗ ಕೆಲವರು ಸಂಜೆಯ ಪ್ರಾರ್ಥನೆಗೂ ಕಿಟಕಿ ಮುಚ್ಚಿದರು. ನಮ್ಮ ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬರಿಗೂ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚುರಪಡಿಸುವ ಹಕ್ಕನ್ನು ಕೊಟ್ಟಿದೆ ಎಂಬುದನ್ನು ನಮ್ಮ ಯುವಜನರು ತಿಳಿದಿರಬೇಕು. ಆದರೆ ಒಂದು ಮಾತು. ಯಾರನ್ನಾದರೂ ಆಸೆ ತೋರಿಸಿ, ಹೆದರಿಸಿ, ವಾದದಲ್ಲಿ ಸೋಲಿಸಿ ಎಳೆದುಕೊಂಡು ಬರುವುದು ಶುಭಸಂದೇಶವೇ ಅಲ್ಲ, ಅದನ್ನು ನಮ್ಮ ಧರ್ಮಸಭೆಯೂ ಒಪ್ಪುವುದಿಲ್ಲ. ಜೋಸೆಫ್ ವಾಜ್‌ರವರ ಬೆನ್ನ ಹಿಂದೆ ಯಾವ ಹಡಗುಪಡೆಯೂ ಇರಲಿಲ್ಲ. ಕ್ರೈಸ್ತರೆನಿಸಿಕೊಂಡ ಡಚ್ಚರು ಅವರನ್ನು ಬೇಟೆಯಾಡಿದರು, ಬೌದ್ಧ ರಾಜ ಅವರಿಗೆ ನೆಲೆ ಕೊಟ್ಟ. ಇದನ್ನೂ ಮಕ್ಕಳಿಗೆ ಹೇಳಿಕೊಡಿ. ನೆರೆಮನೆಯ ಹಿಂದೂ ಮುಸ್ಲಿಂ ಬಂಧುಗಳನ್ನು ನೋಡುವ ನಮ್ಮ ಕಣ್ಣು ಅದರಿಂದ ತಿಳಿಯಾಗುತ್ತದೆ.

ಮತ್ತೆ, ನಮ್ಮ ಹೆಚ್ಚಿನ ಕೆಲಸ ಇರುವುದು ನಮ್ಮದೇ ಮನೆಗಳಲ್ಲಿ. ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋದ ಮಕ್ಕಳು ಪೂಜೆಗೆ ಹೋಗುತ್ತಾರೋ ಇಲ್ಲವೋ ಎಂದು ಕೇಳಲು ತಾಯಂದಿರು ಹಿಂಜರಿಯುತ್ತಾರೆ, ಫೋನು ಕತ್ತರಿಸಿಬಿಡುತ್ತಾರೆಂಬ ಭಯ. ಧರ್ಮೋಪದೇಶಕಿಯರು ಭಾನುವಾರ ಖಾಲಿ ಬೆಂಚುಗಳಿಗೆ ಪಾಠ ಮಾಡಿ ಸೋತಿದ್ದಾರೆ. ಯಾವುದೋ ಮಾತಿಗೆ ಮುನಿಸಿಕೊಂಡು ದೇವಾಲಯದ ಮೆಟ್ಟಿಲು ಹತ್ತದ ಕುಟುಂಬಗಳು ನಮ್ಮಲ್ಲಿ ಇವೆ. ಅದರಲ್ಲಿ ಒಂದೆರಡು ಮನೆಯ ಮುನಿಸಿಗೆ ಹಿಂದಿನ ಗುರುಗಳೋ ನಾವೋ ಕಾರಣರಾಗಿರಲೂಬಹುದು. ಇವರ ಬಾಗಿಲಿಗೆ ಯಾರು ಹೋಗಬೇಕು? ಕೊರಳಲ್ಲಿ ಜಪಮಾಲೆ, ಕೈಯಲ್ಲಿ ಭಿಕ್ಷಾಪಾತ್ರೆ, ಉಪದೇಶ ಆಮೇಲೆ. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಜಾಫ್ನಾದಲ್ಲಿ ಎಷ್ಟು ಬಾಗಿಲು ಹಾಕಿಕೊಂಡವು ಎಂದು ಲೆಕ್ಕ ಇಟ್ಟವರಿಲ್ಲ.

ವಿಶ್ವಗುರು ಫ್ರಾನ್ಸಿಸ್‌ರವರು 2013ರಲ್ಲಿ ಬರೆದ ಪ್ರೇಷಿತ ಪತ್ರಕ್ಕೆ 'ಶುಭಸಂದೇಶದ ಆನಂದ' ಎಂದೇ ಹೆಸರಿಟ್ಟರು. 2015ರ ಜನವರಿ 14ರಂದು ಕೊಲಂಬೊದ ಕಡಲತೀರದ ಮೈದಾನದಲ್ಲಿ ಜೋಸೆಫ್ ವಾಜ್‌ರವರನ್ನು ಸಂತರ ಪದವಿಗೆ ಏರಿಸಿದವರೂ ಅವರೇ. ಅದಕ್ಕೆ ಇಪ್ಪತ್ತು ವರ್ಷ ಮೊದಲು, 1995ರಲ್ಲಿ, ಅದೇ ಊರಿನಲ್ಲಿ ಎರಡನೆಯ ಜಾನ್ ಪಾಲ್‌ರವರು ವಾಜ್‌ರನ್ನು ಪುನೀತರೆಂದು ಸಾರಿದ್ದರು. ಫ್ರಾನ್ಸಿಸ್‌ರವರು ತೀರಿಕೊಂಡದ್ದು 2025ರ ಏಪ್ರಿಲ್ 21ರಂದು, ಈಸ್ಟರ್ ಸೋಮವಾರ. ಅದು ವಾಜ್‌ರವರ ಹುಟ್ಟುಹಬ್ಬ. ಇದಕ್ಕೆ ಏನಾದರೂ ಅರ್ಥವಿದೆಯೇ ಎಂದು ಕೇಳಬೇಡಿ. ಆ ದಿನ ಸುದ್ದಿ ಕೇಳಿ ದುಃಖದಲ್ಲಿದ್ದಾಗ ಪಂಚಾಂಗ ನೋಡಿ ನಮಗೆ ಒಂದು ಸಣ್ಣ ನಗು ಬಂತು, ಅಷ್ಟೆ.

ಜೋಸೆಫ್ ವಾಜ್‌ರವರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕಣ್ಣು ಮುಚ್ಚಿದರು. ಐವತ್ತೊಂಬತ್ತು ವರ್ಷ. ಧರ್ಮಾಧ್ಯಕ್ಷರ ಮಟ್ಟದ ಅಧಿಕಾರ ಕೊಡುತ್ತೇವೆಂದಾಗ ಬೇಡವೆಂದಿದ್ದರು. ಹುಟ್ಟೂರನ್ನು ಮತ್ತೆ ನೋಡಲಿಲ್ಲ. ಅವರನ್ನು ಹೂತ ಜಾಗ ಯಾವುದೆಂದು ಇಂದಿಗೂ ಖಚಿತವಾಗಿ ಸಿಕ್ಕಿಲ್ಲ. ಮೇಣದ ಬತ್ತಿ ಹಚ್ಚಲು ಒಂದು ಸಮಾಧಿ ಕೂಡ ಇಲ್ಲದ ಸಂತ ಅವರು.

ಹಬ್ಬ ಮುಗಿದ ಮೇಲೆ, ಬರುವ ಭಾನುವಾರ ಮಧ್ಯಾಹ್ನದಿಂದ, ವಾರ್ಡುವಾರು ಮನೆಭೇಟಿ ಶುರುಮಾಡುತ್ತೇವೆ. ಪಾಲನಾ ಪರಿಷತ್ತಿನವರು ಪಟ್ಟಿ ಮಾಡಿದ್ದಾರೆ. ಬಹಳ ವರ್ಷಗಳಿಂದ ಬಾರದವರ ಮನೆಗಳಿಗೆ ಮೊದಲು. ಜೀಪು ಬೇಡ, ನಡೆದೇ ಹೋಗೋಣ. ಚಪ್ಪಲಿ ಹಾಕಿಕೊಳ್ಳಲು ಅಡ್ಡಿಯಿಲ್ಲ. ಪ್ರಶ್ನೆ ಕೇಳಿದ ಹುಡುಗ ಎರಡನೆಯ ಬೆಂಚಿನಲ್ಲಿ ಕುಳಿತಿದ್ದಾನೆ, ಅವನ ಅಮ್ಮ ಒಪ್ಪಿದರೆ ಅವನೂ ನಮ್ಮ ಜೊತೆ ಬರಲಿ. ಈಗ ಎಲ್ಲರೂ ಎದ್ದು ನಿಂತು ನಮ್ಮ ವಿಶ್ವಾಸವನ್ನು ನಿವೇದಿಸೋಣ.